ಅವಳ ಕೈಗೊಂದು ಪಿಸ್ತೂಲು

ಕೆಳಗಿನಿಂದ ಲಾರಿಯ ಹಾರ್ನ್ ಎರಡನೇ ಸಲ ಕೂಗಿದಾಗ ಅವಳಿನ್ನೂ ಹಲ್ಲುಜ್ಜುತ್ತಿದ್ದಳು. ಗಂಡನ ಮಣ್ಣು ಮುಗಿಸಿ ಬಂದ ನೆಂಟರೆಲ್ಲ ಹಿಂದಿನ ಸಂಜೆಯೇ ಚದುರಿದ್ದರು. ಉಳಿದವರು ಅತ್ತೆ ಮತ್ತು ಭಾವ ಇಬ್ಬರೇ. ಹಜಾರದಲ್ಲಿ ಮಲಗಿದ್ದ ಭಾವ ಹೊದಿಕೆಯೊಳಗಿಂದಲೇ, "ಇವತ್ತು ರಜೆ ಅಂತ ಹೇಳಿ ಕಳಿಸಮ್ಮ" ಎಂದರು. ಅವಳು ಬಾಯಿ ಮುಕ್ಕಳಿಸಿ, ಕೂದಲು ಗಂಟು ಹಾಕಿಕೊಂಡು ಮೆಟ್ಟಿಲಿಳಿದಳು.

ಕೆಳಗೆ ವೇಬ್ರಿಡ್ಜಿನ ಕೋಣೆ. ಹೆದ್ದಾರಿಯಲ್ಲಿ ಬರುವ ಲಾರಿಗಳು ಅಂಗಳದ ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತಿದ್ದವು. ಕಿಟಕಿಯ ಒಳಗೆ ಕೂತವರು ತೂಕ ನೋಡಿ ಚೀಟಿ ಹರಿದು ಕೊಡಬೇಕು. ಗಂಡ ಹೋದದ್ದೂ ಅಲ್ಲೇ. ಚೀಟಿ ಹರಿಯುತ್ತ ಕೂತಿದ್ದವನು, ಏನೋ ಕೆಳಗೆ ಬಿತ್ತೇನೋ ಎಂಬಂತೆ ಮುಂದಕ್ಕೆ ಬಾಗಿದ್ದ. ಡಾಕ್ಟರು ಹಾರ್ಟ್ ಅಟ್ಯಾಕ್ ಅಂದರು. ಅವಳಿಗೆ ಈವರೆಗೆ ಅಳು ಬಂದಿರಲಿಲ್ಲ. ಕಾಲು ಜೋಮು ಹಿಡಿದಾಗ ಅದು ತನ್ನದೇ ಎಂದು ಮುಟ್ಟಿ ನೋಡಿಕೊಳ್ಳುವಂತೆ, ಅವಳು ಆಗಾಗ ತನ್ನ ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅವನ ಕುರ್ಚಿಯಲ್ಲಿ ಕೂತರೆ ಕಿಟಕಿಯ ಕಟ್ಟೆ ಅವಳ ಗಲ್ಲದವರೆಗೆ ಬಂತು. ಕೆಳಗಿನ ಹಿಡಿ ಎಳೆದು ಕುರ್ಚಿ ಎತ್ತರಿಸಿದಳು.

ಹೊರಗೆ ಕೆಂಪು ಟೋಪಿಯವನು ನಿಂತಿದ್ದ. ಕಲ್ಲುಕ್ವಾರಿಯ ಲಾರಿಗಳನ್ನು ನೋಡಿಕೊಳ್ಳುವವನು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ.

"ಅಯ್ಯೋ, ಅಕ್ಕ ನೀವೇ ಬಂದ್ಬಿಟ್ರಾ? ಎರಡು ದಿನ ಸುಧಾರಿಸ್ಕೊಳ್ಳೋದಲ್ವಾ, ಪಾಪ."

"ಲಾರಿ ಮುಂದೆ ತಗೊಳ್ಳಿ. ಹಿಂದಿನ ಚಕ್ರ ಹಲಗೆ ಮೇಲೆ ಬಂದಿಲ್ಲ."

"ಬಂದಿದೆಯಲ್ಲ ಅಕ್ಕ."

"ಬಂದಿಲ್ಲ."

ಅವನು ಬಗ್ಗಿ ನೋಡಿದಂತೆ ಮಾಡಿದ. ಒಂದು ಜೊತೆ ಚಕ್ರ ನೆಲದ ಮೇಲೆ ನಿಂತರೆ ಅಷ್ಟು ಜಲ್ಲಿ ತೂಕಕ್ಕೂ ಸರ್ಕಾರದ ಸುಂಕಕ್ಕೂ ಸಿಗದೆ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. "ಅಣ್ಣನೂ ಹಿಂಗೇ ಹಟ ಹಿಡಿಯೋರು," ಎಂದ ಅವನು, ಕಿಟಕಿಯ ಹೊಸ ಗಾಜನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ. "ಆಮೇಲೆ ಯಾರೋ ಕಲ್ಲು ಹೊಡೆದ್ರು ನೋಡಿ. ಕಾಲ ಸರಿ ಇಲ್ಲ. ಇನ್ಮೇಲೆ ಮೇಲ್ಗಡೆ ಮನೇಲಿ ನೀವೊಬ್ರೇನಾ?"

"ತೂಕ ಬೇಕಾ, ಬೇಡ್ವಾ?"

ಅವನು ನಗುತ್ತಲೇ ಡ್ರೈವರಿಗೆ ಕೈ ಬೀಸಿದ. ಲಾರಿ ಮುಂದೆ ಸರಿಯಿತು. ಅವಳು ಚೀಟಿ ಹರಿದು ಕೊಟ್ಟಳು. ಲಾರಿ ಮರೆಯಾದ ಮೇಲೆ ಕಿಟಕಿ ಎಳೆದು ಮುಚ್ಚಿದಳು.

ಮೇಲೆ ಬಂದಾಗ ಅತ್ತೆ ಚಹಾ ಸೋಸುತ್ತಿದ್ದರು. ಭಾವ ಹಜಾಮತಿ ಮುಗಿಸಿ, ಮಾತು ತೆಗೆಯುವವರಂತೆ ಮೇಜಿನ ತುದಿಯಲ್ಲಿ ಕೂತಿದ್ದರು. ಒಳ್ಳೆಯ ಮನುಷ್ಯ, ಶವಪೆಟ್ಟಿಗೆಗೆ ಹೆಗಲು ಕೊಟ್ಟು ಬಂದಾಗಿನಿಂದ ಕತ್ತು ಹಿಡಿದುಕೊಂಡು ಒಂದೇ ಕಡೆ ತಿರುಗುತ್ತಿದ್ದರು.

"ನೋಡಮ್ಮ, ನಾನು ಸುತ್ತಿ ಬಳಸಿ ಹೇಳಲ್ಲ. ನಮ್ಮನೆಗೆ ಬಂದ್ಬಿಡು. ಈ ವೇಬ್ರಿಡ್ಜನ್ನ ಕ್ವಾರಿಯವರೇ ಕೇಳ್ತಿದ್ದಾರೆ. ಕೊಟ್ಟು ಕೈ ತೊಳ್ಕೊಳ್ಳೋಣ."

"ಅವರ ಕಲ್ಲನ್ನ ಅವರೇ ತೂಗ್ಕೊಳ್ಳೋದಾ ಭಾವ?"

"ಏನಾದ್ರೂ ಮಾಡ್ಕೊಳ್ಳಲಿ. ಹೆದ್ದಾರಿ ಪಕ್ಕ, ಅಕ್ಕಪಕ್ಕ ಒಂದು ಮನೆ ಇಲ್ಲ. ಒಬ್ಬಳೇ ಹೆಂಗಸು. ಯಾವ ಧೈರ್ಯದ ಮೇಲೆ ಇರ್ತೀಯ?"

ಅವಳು ಚಹಾ ಕುಡಿದಿಟ್ಟಳು. "ಪಿಸ್ತೂಲು ತಗೋತೀನಿ."

ಅತ್ತೆಯ ಕೈಯಲ್ಲಿ ಸೋಸುವ ಜಾಲರಿ ಹಾಗೇ ನಿಂತಿತು. ಭಾವ ಮೊದಲು ನಕ್ಕರು, ಆಮೇಲೆ ನಗು ಸರಿಯಲ್ಲ ಅನಿಸಿ ಕೆಮ್ಮಿದರು. "ತಗೊಳ್ಳೋದು ಯಾಕೆ? ಅವನದೇ ಇದೆಯಲ್ಲ ಪೆಟ್ಟಿಗೆಯಲ್ಲಿ. ಅವನ ನೆನಪಿಗೂ ಆಯ್ತು."

ಅವಳು ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದು ಅದನ್ನು ತಂದಳು. ಮೂತಿಯನ್ನು ಗೋಡೆಯತ್ತ ತಿರುಗಿಸಿ, ಗುಂಡಿಡುವ ಜಾಗ ಬಿಚ್ಚಿ, ಒಳಗೆ ಬೆರಳಿಟ್ಟು ಬರಿದಾಗಿದೆಯೆಂದು ಖಾತ್ರಿ ಮಾಡಿಕೊಂಡು ಮೇಜಿನ ಮೇಲಿಟ್ಟಳು. ಉದ್ದನೆಯ ನಳಿಕೆಯ, ಗುರಿ ಸ್ಪರ್ಧೆಯ ಪಿಸ್ತೂಲು. ಮರದ ಹಿಡಿ, ಅಂಗೈಯನ್ನೆಲ್ಲ ಅಪ್ಪಿಕೊಳ್ಳುವಂಥದ್ದು.

"ಇದು ಕಾಗದಕ್ಕೆ ತೂತು ಮಾಡೋದು ಭಾವ. ಒಂದು ಸಲಕ್ಕೆ ಒಂದೇ ಗುಂಡು. ಬಾಗಿಲು ಒಡೆದು ಬಂದವನಿಗೆ 'ಸ್ವಲ್ಪ ತಡೆಯಪ್ಪ, ಇನ್ನೊಂದು ಹಾಕ್ತೀನಿ' ಅನ್ನೋಕಾಗುತ್ತಾ?" ಅವಳು ತನ್ನ ಕೈಯನ್ನು ಹಿಡಿಯೊಳಗೆ ತೂರಿಸಿ ತೋರಿಸಿದಳು. ಗಂಡ ಎರಡು ವರ್ಷ ಕೂತು, ಮರ ಕೆತ್ತಿ, ಪುಟ್ಟಿ ಮೆತ್ತಿ, ತನ್ನ ಬೆರಳಿಗೆ ತಕ್ಕ ಗುಣಿಗಳನ್ನು ಮಾಡಿಕೊಂಡಿದ್ದ. ಅವಳ ಬೆರಳುಗಳು ಆ ಗುಣಿಗಳ ನಡುವಿನ ಏರಿನ ಮೇಲೆ ಕೂತವು. "ಅಲ್ಲದೆ ಇದು ಅವರದಲ್ಲ. ಶೂಟಿಂಗ್ ಕ್ಲಬ್ಬಿನ ಮೇಷ್ಟ್ರದು. ಒಂದು ತಿಂಗಳಿಗೆ ಅಂತ ತಂದಿದ್ದು."

"ನೀನು ಯಾವತ್ತು ಗುಂಡು ಹೊಡೆದಿದ್ದೀಯ?" ಎಂದರು ಭಾವ.

ಉತ್ತರ ಕೊಟ್ಟವರು ಅತ್ತೆ. "ಯೂನಿವರ್ಸಿಟಿ ತಂಡದಲ್ಲಿದ್ಲು ಕಣೋ. ನಿನ್ನ ತಮ್ಮನಿಗೆ ಈ ಹುಚ್ಚು ಹಿಡಿಸಿದ್ದೇ ಇವಳು. ನನ್ನ ಮಗ ಹೊಡೆಯೋ ಗುಂಡು ಗುರಿ ಇರಲಿ, ಹಿಂದಿನ ಗೋಡೆಗೂ ಒಂದೊಂದ್ಸಲ ತಾಗ್ತಿರಲಿಲ್ಲ." ಹೇಳಿ ನಗಲು ಹೋದವರ ಮುಖ ಮುರಿದುಬಿತ್ತು. ಸೆರಗಿನಿಂದ ಮೂಗೊರೆಸಿಕೊಂಡು ಮತ್ತೆ ಚಹಾ ಸೋಸಿದರು.

ಲೈಸೆನ್ಸು ಅವಳ ಹೆಸರಿನಲ್ಲಿ ಮೊದಲಿಂದಲೂ ಇತ್ತು. ಮನೆಗೊಂದು ಪಿಸ್ತೂಲು ಸಾಕು ಎಂದು ಗಂಡ ಅನ್ನುತ್ತಿದ್ದ, ಅವಳೂ ಸುಮ್ಮನಿದ್ದಳು. ಆ ಸುಮ್ಮನಿದ್ದದ್ದು ಈಗ ಮೊದಲ ಬಾರಿಗೆ ಅವಳಿಗೆ ಸಿಟ್ಟು ತರಿಸಿತು. ಸತ್ತವನ ಮೇಲೆ ಸಿಟ್ಟಾಗಬಹುದು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಅದೇ ವಾರ ಅಂಗಡಿಗೆ ಹೊರಟರು. ಕಾರು ಓಡಿಸಲು ಭಾವ. "ಮನೇಲಿ ಕೂತು ಗೋಡೆ ನೋಡಿ ಸಾಕಾಗಿದೆ" ಎಂದು ಅತ್ತೆ. ಬಂದೂಕಿನಂಗಡಿಯಾತ ಗುಂಡನೆಯ, ಹಸನ್ಮುಖಿ ಮನುಷ್ಯ. ಮೂವರನ್ನೂ ನೋಡಿ ಭಾವನ ಕಡೆ ತಿರುಗಿದ.

"ಮೇಡಂಗೆ ಏನು ತೋರಿಸೋಣ ಸಾರ್?"

"ಮೇಡಂ ಇಲ್ಲೇ ಇದ್ದಾರಲ್ಲ," ಎಂದರು ಅತ್ತೆ. "ಮಾತು ಬರುತ್ತೆ ಅವರಿಗೆ. ಕೇಳಿ ನೋಡಿ."

ಅವನು ನಾಲಿಗೆ ಕಚ್ಚಿಕೊಂಡು, ವೆಲ್ವೆಟ್ ಬಟ್ಟೆಯ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪಿಸ್ತೂಲೊಂದನ್ನು ಇಟ್ಟ. "ಹೆಣ್ಮಕ್ಕಳಿಗೆ ಅಂತಾನೇ ಮಾಡಿರೋದು. ಹೂವಿನಷ್ಟು ಹಗುರ. ಬ್ಯಾಗಲ್ಲಿದ್ರೆ ಗೊತ್ತೇ ಆಗಲ್ಲ."

"ಹಗುರ ಇದ್ದಷ್ಟೂ ಕೈಗೆ ಒದೆಯುತ್ತೆ," ಎಂದಳು ಅವಳು. "ಎರಡು ಬೆರಳು ಹಿಡಿಯೋಕೆ ಜಾಗ ಇದೆ, ಮೂರನೇದು ಗಾಳೀಲಿ. ಶನಿವಾರ ಕ್ಲಬ್ಬಲ್ಲಿ ಇದರಲ್ಲಿ ಅರ್ಧ ದಿನ ಹೊಡೆದ್ರೆ ಭಾನುವಾರ ಅನ್ನ ಕಲಸೋಕೆ ಕೈ ಬರಲ್ಲ. ಬೇಡ."

"ಕ್ಲಬ್ಬಿಗೆ ಬೇರೆ, ಮನೆಗೆ ಬೇರೆ ತಗೋತಾರೆ ಮೇಡಂ."

"ನನಗೆ ಒಂದೇ ಬೇಕು. ಹೆದರಿದಾಗ ಕೈ ತನಗೆ ಅಭ್ಯಾಸ ಇದ್ದದ್ದನ್ನೇ ಮಾಡುತ್ತೆ. ಅಭ್ಯಾಸ ಒಂದರಲ್ಲಿ, ಹೆದರಿಕೆ ಇನ್ನೊಂದರಲ್ಲಿ ಅಂದ್ರೆ ಹೇಗೆ?"

ಅಂಗಡಿಯಾತ ಅವಳನ್ನು ಮೊದಲ ಬಾರಿಗೆ ನೇರವಾಗಿ ನೋಡಿ ರಿವಾಲ್ವರೊಂದನ್ನು ತೆಗೆದ. ಅದನ್ನವಳು ಗೌರವದಿಂದಲೇ ಹಿಡಿದಳು. ಕೈಕೊಡುವುದು ಕಡಿಮೆ ಎಂದು ಗೊತ್ತಿತ್ತು. ಆದರೆ ಟ್ರಿಗರ್ ಬಿಗಿ, ಎಳೆಯುವಷ್ಟರಲ್ಲಿ ಮೂತಿ ಎಡಕ್ಕೆ ವಾಲಿತು. ಇನ್ನೊಮ್ಮೆ ಎಳೆದರೂ ವಾಲಿತು. ಕೆಳಗಿಟ್ಟಳು. ಭಾವನ ಕಣ್ಣು ಗಾಜಿನ ಕಪಾಟಿನ ಬೆಳ್ಳಿ ಬಣ್ಣದ ಹೊಚ್ಚ ಹೊಸದೊಂದರ ಮೇಲಿತ್ತು. "ತಗೊಳ್ಳೋದೇ ಆದ್ರೆ ಅಂಥದ್ದು ತಗೋ. ನೋಡಿದ್ರೇನೇ ಓಡಿಹೋಗ್ಬೇಕು."

ನೆಲಮಾಳಿಗೆಯಲ್ಲಿ ಪರೀಕ್ಷೆಗೆಂದು ಉದ್ದನೆಯ ಓಣಿಯೊಂದಿತ್ತು. ಅಂಗಡಿಯಾತ ಎಲ್ಲರಿಗೂ ಕಿವಿಮುಚ್ಚಿಗೆ ಕೊಟ್ಟ. ಅವಳು ಬೆಳ್ಳಿ ಪಿಸ್ತೂಲನ್ನು ತೆಗೆದುಕೊಂಡಳು. ನಾಲ್ಕನೇ ಗುಂಡಿಗೆ ಅದು ಅರ್ಧ ಬಾಯಿ ತೆರೆದು ನಿಂತಿತು. ಹೊಡೆದ ಗುಂಡಿನ ಖಾಲಿ ಕೋಶ ಹೊರಬೀಳದೆ ಅಡ್ಡ ಸಿಕ್ಕಿಕೊಂಡಿತ್ತು. ಮೂತಿ ಗುರಿಯ ಕಡೆಗೇ ಇರುವಂತೆ ಹಿಡಿದು, ಮ್ಯಾಗಜಿನ್ ಕಳಚಿ, ಸ್ಲೈಡು ಎಳೆದು ಅದನ್ನು ಬೀಳಿಸಿದಳು. ಮತ್ತೆ ತುಂಬಿದಳು. ಮತ್ತೆ ಸಿಕ್ಕಿಕೊಂಡಿತು.

"ಹೊಸದಲ್ವಾ ಮೇಡಂ, ಪಳಗಬೇಕು ಅಷ್ಟೇ."

"ಪಳಗೋವರೆಗೂ ಬಾಗಿಲ ಹತ್ರ ಬಂದವರು ಕಾಯ್ತಾರಾ?"

ಅತ್ತೆ ಕಿವಿಮುಚ್ಚಿಗೆ ಸರಿಸಿ, "ಏನಂದ್ಲು?" ಎಂದರು. ಭಾವ ಅದನ್ನು ಮತ್ತೆ ಅವರ ಕಿವಿಗೆ ಸರಿಸಿಟ್ಟರು.

ಮೂಲೆಯ ಪೆಟ್ಟಿಗೆಯಲ್ಲಿ ಪೊಲೀಸಿನವರು ಬದಲಾಯಿಸಿಕೊಂಡು ಬಿಟ್ಟುಹೋದ ಹಳೆಯವು ಇದ್ದವು. ಬಣ್ಣ ಅಂಚುಗಳಲ್ಲಿ ಸವೆದು ಉಕ್ಕು ಇಣುಕುತ್ತಿತ್ತು. ಅವಳು ಒಂದೊಂದನ್ನೇ ತೆಗೆದು, ಪೂರ್ತಿ ಬಿಚ್ಚಿಸಿ, ನಳಿಕೆಯೊಳಗೆ ದೀಪದ ಬೆಳಕು ಹಾಯಿಸಿ ನೋಡಿದಳು. ಸ್ಪ್ರಿಂಗು ಎಲ್ಲಿ ಸಿಗುತ್ತದೆ, ಮ್ಯಾಗಜಿನ್ ಇನ್ನೂ ಬರುತ್ತಿದೆಯೇ, ಕ್ಲಬ್ಬಿನವರು ಸಾಮಾನ್ಯವಾಗಿ ಇಡುವ ಗುಂಡೇ ಇದಕ್ಕೂ ಆಗುತ್ತದೆಯೇ ಎಂದು ಕೇಳಿದಳು. ಮೂರನ್ನು ಆರಿಸಿ, ಬರಿದು ಮಾಡಿಕೊಂಡು, ಗುರಿಯ ಎದುರು ನಿಂತು, ಕಣ್ಣು ಮುಚ್ಚಿದಳು.

"ಇದೇನಿದು, ಕಣ್ಣು ಮುಚ್ಚಿಕೊಂಡು ಹೊಡೀತಾಳಂತಾ!" ಎಂದರು ಭಾವ.

ಕಣ್ಣು ಮುಚ್ಚಿಯೇ ಪಿಸ್ತೂಲನ್ನು ಎತ್ತಿ, ಕೈಗೆ ಎಲ್ಲಿ ಹಿತವೋ ಅಲ್ಲಿ ನಿಲ್ಲಿಸಿ, ಕಣ್ಣು ತೆರೆದಳು. ಮೊದಲನೆಯದರ ಮೂತಿ ಮೇಲಕ್ಕಿತ್ತು. ಎರಡನೆಯದು ಕೆಳಕ್ಕೆ. ಮೂರನೆಯದಕ್ಕೆ ಕಣ್ಣು ತೆರೆದಾಗ, ಗುರಿ ನೋಡುವ ಹಿಂದಿನ ಗೀರಿನ ನಡುವೆ ಮುಂದಿನ ಮೊಳೆ ನೆಟ್ಟಗೆ ನಿಂತಿತ್ತು, ಯಾರೋ ಜೋಡಿಸಿಟ್ಟ ಹಾಗೆ. ಅವಳು ಕೈ ಇಳಿಸಿ, ಕಣ್ಣು ಮುಚ್ಚಿ, ಮತ್ತೆ ಎತ್ತಿದಳು. ಅಲ್ಲೇ ಇತ್ತು. ಕಣ್ಣು ಮುಚ್ಚಿದ್ದಾಗ ಈ ದಿನಗಳಲ್ಲೆಲ್ಲ ಕಾಣುತ್ತಿದ್ದುದು ಮುಂದಕ್ಕೆ ಬಾಗಿದ ಬೆನ್ನೊಂದೇ. ಈಗ ಅದು ಕಾಣಲಿಲ್ಲ.

ಎರಡು ಮ್ಯಾಗಜಿನ್ ನಿಧಾನವಾಗಿ, ಎರಡು ಬೇಗಬೇಗ ಹೊಡೆದಳು. ಒಂದೂ ಸಿಕ್ಕಿಕೊಳ್ಳಲಿಲ್ಲ. ಅಂಗಡಿಯಾತ ದಾರ ಎಳೆದು ಕಾಗದವನ್ನು ಹತ್ತಿರಕ್ಕೆ ತಂದ. ಭಾವ ಕನ್ನಡಕ ಏರಿಸಿ ನೋಡಿದರು. ಅತ್ತೆ ಮಾತ್ರ ತಮ್ಮ ಅಂಗೈಯನ್ನು ಆ ತೂತುಗಳ ಗುಂಪಿನ ಮೇಲಿಟ್ಟರು. ಒಂದೂ ಕೈಯ ಹೊರಗೆ ಕಾಣಲಿಲ್ಲ.

"ಇದು," ಎಂದಳು ಅವಳು.

"ಇದು ಬೇರೆಯವರು ಬಳಸಿ ಬಿಟ್ಟದ್ದಲ್ವಾ?" ಎಂದು ಭಾವ ಕೊನೆಯ ಸಲ ಪ್ರಯತ್ನಿಸಿದರು.

"ಹೌದು. ಎಲ್ಲ ಪರೀಕ್ಷೆ ಮುಗಿಸಿಕೊಂಡೇ ಬಂದಿದೆ."

ವಾಪಸು ಬರುವಾಗ ಕಾರಿನಲ್ಲಿ, ಮನೆಯ ತಿರುವು ಬಂದಾಗ ಭಾವ ಕತ್ತನ್ನು ಕಷ್ಟದಿಂದ ಅವಳ ಕಡೆ ತಿರುಗಿಸಿದರು. "ಕ್ವಾರಿಯವರು ನಾಳೆ ಫೋನ್ ಮಾಡ್ತಾರೆ. ಏನು ಹೇಳಲಿ?"

"ಹಿಂದಿನ ಚಕ್ರ ಹಲಗೆ ಮೇಲೆ ತರೋಕೆ ಹೇಳಿ."

"ಅವಳು ಹೇಳಿದ ಹಾಗೇ ಹೇಳು," ಎಂದರು ಹಿಂದಿನ ಸೀಟಿನಿಂದ ಅತ್ತೆ. "ನಿನ್ನ ಮಾತು ಸೇರಿಸಬೇಡ."

ಶನಿವಾರ ಅವಳು ಕ್ಲಬ್ಬಿಗೆ ಒಬ್ಬಳೇ ಹೋದಳು. ಹೆಗಲ ಚೀಲದಲ್ಲಿ ತಾನು ಕೊಂಡದ್ದು. ಕೈಯಲ್ಲಿ ಬೇರೆ ಪೆಟ್ಟಿಗೆಯಲ್ಲಿ ಮೇಷ್ಟ್ರದು. ಅವರು ದುರಸ್ತಿಯ ಕೋಣೆಯಲ್ಲಿ ಮರದ ಹಿಡಿಯೊಂದನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದರು. ಕಾಲೇಜಿನ ದಿನಗಳಲ್ಲಿ "ಮೊಣಕೈ, ಮೊಣಕೈ" ಎಂದು ಅರಚುತ್ತಿದ್ದವರು ಈಗ ಎದ್ದು ಅವಳಿಗೊಂದು ಸ್ಟೂಲು ಎಳೆದರು. ಅವಳು ಪೆಟ್ಟಿಗೆ ತೆರೆದಿಟ್ಟಳು.

"ಒಂದು ತಿಂಗಳು ಅಂತ ಹೇಳಿದ್ದ ಕಳ್ಳ," ಎಂದರು ಮೇಷ್ಟ್ರು. ಎತ್ತಿ, ಒಳಗೆ ನೋಡಿ, ಕೈ ತೂರಿಸಿದರು. ಗೆಣ್ಣುಗಳು ಹಿಡಿಗೆ ತಾಗಿ ನಿಂತವು. "ಎಲಾ ಇವನ! ನನ್ನ ಪಿಸ್ತೂಲನ್ನೇ ನನಗಾಗದ ಹಾಗೆ ಮಾಡಿಟ್ಟಿದ್ದಾನೆ."

"ನಿಮ್ಮನ್ನ ಕೇಳಿ ಕೆತ್ತೋಕೆ ಹೇಳಿದ್ದೆ ಮೇಷ್ಟ್ರೇ. ಕೇಳಿದ್ರೆ ಬೈತಾರೆ ಅಂದ್ರು."

"ಬೈತಿದ್ದೆ." ಅವರು ಅದನ್ನು ಕೆಳಗಿಟ್ಟು, ಅವಳ ಕಡೆಗೆ ತಳ್ಳಿದರು. "ಇಟ್ಕೋ ಮಗಾ. ಅವನ ಕೈ ಇದೆ ಇದರಲ್ಲಿ."

"ಅದಕ್ಕೇ ತಂದಿದ್ದು."

ಮೇಷ್ಟ್ರು ಅವಳ ಮುಖ ನೋಡಿದರು. ಅವಳು ಎರಡು ತಿರುಪು ಬಿಚ್ಚಿ ಹಿಡಿಯನ್ನು ಬೇರೆ ಮಾಡಿದಳು. ಮೇಜಿನ ಮೇಲಿದ್ದ ಉಪ್ಪುಕಾಗದದ ತುಂಡನ್ನು ತೆಗೆದುಕೊಂಡು, ಮಧ್ಯದ ಬೆರಳಿನ ಗುಣಿಯ ಅಂಚಿಗೆ ಇಟ್ಟಳು. ಒಂದು ಕ್ಷಣ ಅದನ್ನು ಹಾಗೇ ಒತ್ತಿ ಹಿಡಿದಿದ್ದಳು. ಆಮೇಲೆ ಉಜ್ಜಿದಳು. ಬೆವರಿಗೆ ಕಪ್ಪಾಗಿದ್ದ ಮರ ಮೊದಲು ಕಂದಾಯಿತು, ಮತ್ತೆ ಹೊನ್ನಿನ ಬಣ್ಣಕ್ಕೆ ತಿರುಗಿತು. ಪುಡಿ ಅವಳ ತೋಳಿನ ಮೇಲೆ, ಮಡಿಲಿನಲ್ಲಿ ಬೀಳುತ್ತಿತ್ತು. ಕಣ್ಣಿಂದ ನೀರು ಇಳಿದು ಗಲ್ಲದ ತುದಿಯಲ್ಲಿ ನಿಂತಾಗಲೂ ಅವಳ ಕೈ ನಿಲ್ಲಲಿಲ್ಲ.

ಉಫ್ ಎಂದು ಊದಿ ಕೊಟ್ಟಳು. ಮೇಷ್ಟ್ರು ಬೆರಳುಗಳನ್ನು ಒಂದೊಂದಾಗಿ ಕೂರಿಸಿ ನೋಡಿದರು.

"ಹೆಬ್ಬೆರಳ ಹತ್ರ ಇನ್ನೂ ಸ್ವಲ್ಪ," ಎಂದರು.

ಅವಳು ಕಾಗದದ ಹೊಸ ಮಗ್ಗುಲನ್ನು ಮಡಚಿ ಹಿಡಿದು, ಬೆಳಕಿನ ಕಡೆಗೆ ತಿರುಗಿ ಕೂತಳು.