ಗುಡುಗಪ್ಪನ ಗಂಟಲು

ಜಗಳ ಶುರುವಾದದ್ದು ಅವಳ ಊಟದ ಚೀಲದಿಂದ. ದಿನಾ ಹತ್ತುವ ಬಸ್ಸು ಆ ಬೆಳಿಗ್ಗೆ ಬರಲೇ ಇಲ್ಲ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೌಂಟರು ತೆರೆಯುವವಳು ಅವಳೇ. ಸ್ವಲ್ಪ ತಡವಾದರೂ ಸಾಕು, ಖಾಲಿ ಹೊಟ್ಟೆಯಲ್ಲಿ ಬಂದು ಕೂತವರೆಲ್ಲ ಅವಳನ್ನೇ ಹರಿದು ತಿನ್ನುವ ಹಾಗೆ ನೋಡುತ್ತಾರೆ. ಅದಕ್ಕೇ, ಕಾಲಿಡಲು ಜಾಗವಿಲ್ಲದಿದ್ದರೂ, ಮುಂದೆ ಬಂದ ಬೇರೆ ಬಸ್ಸಿಗೆ ನುಗ್ಗಿಬಿಟ್ಟಳು. ಚೀಲದ ಪಟ್ಟಿ ಬಾಗಿಲ ಕಂಬಿಗೆ ಸಿಕ್ಕಿಕೊಂಡಿತು.

"ಒಳಗೆ ಹೋಗ್ರೀ ಒಳಗೆ! ಬಾಗಿಲಿಗೆ ಅಗುಳಿ ಹಾಕ್ದಂಗೆ ನಿಂತ್ಕೊಂಡ್ರೆ ಬೇರೆಯವ್ರು ಹತ್ತೋದು ಹೆಂಗೆ?"

ಕಂಡಕ್ಟರ್. ನೋಡಿದರೆ ಕಡ್ಡಿ ಪೈಲ್ವಾನ, ಜೋರು ಗಾಳಿ ಬೀಸಿದರೆ ಹಾರಿಹೋಗುವಂಥ ಆಳು. ಗಂಟಲು ಮಾತ್ರ ಹತ್ತು ಆಳಿನದು.

"ಚೀಲ ಸಿಕ್ಕಾಕೊಂಡಿದೆ, ಕಾಣಲ್ವಾ?"

"ನನಗೆ ಕಾಣುತ್ತೆ. ಹಿಂದೆ ನೇತಾಡ್ತಿದ್ದಾರಲ್ಲ, ಅವರಿಗೆ ಕಾಣಲ್ಲ. ನಡೀರಿ ಮುಂದೆ!"

"ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ."

"ಮರ್ಯಾದೆಗೆ ಈ ಬಸ್ಸಲ್ಲಿ ಸೀಟಿಲ್ಲ ಮೇಡಂ. ಅದೂ ನಿಂತ್ಕೊಂಡೇ ಬರುತ್ತೆ!"

ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನ ಸೀಟಿನವನೊಬ್ಬ "ಸೂಪರ್ ಗುರುವೇ" ಅಂದ. ಅವಳ ಕಿವಿ ಬಿಸಿಯಾಯಿತು. ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ ಮಾತು ಬಾಯಿ ದಾಟಿತ್ತು.

"ನಾಯಿ ಥರ ಬೊಗಳೋಕೆ ಸಂಬಳ ಕೊಡ್ತಾರೇನ್ರೀ ನಿಮಗೆ?"

ನಗು ನಿಂತಿತು. ಕಂಡಕ್ಟರ್ ಅವಳ ಮುಖವನ್ನೊಮ್ಮೆ ನೋಡಿ, ಟಿಕೆಟ್ ಹರಿದು ಕೈಗೆ ಕೊಟ್ಟು, ಜನರನ್ನು ಸರಿಸಿಕೊಂಡು ಹಿಂದಕ್ಕೆ ಹೋದ. ಅವಳು ಇಳಿಯುವವರೆಗೂ ಅವನು ಅವಳ ಕಡೆ ತಿರುಗಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಅವಳಿಗೆ ಗೊತ್ತಿರದ ಗಾದೆಯೇನಲ್ಲ. ಆದರೆ ಆ ನಗು ಇನ್ನೂ ಬೆನ್ನಿಗಂಟಿತ್ತು. ಕಿಟಕಿಯ ಮೇಲೆ ಬರೆದಿದ್ದ ದೂರಿನ ನಂಬರಿಗೆ ಲ್ಯಾಬಿನಿಂದಲೇ ಫೋನು ಮಾಡಿದಳು. "ಸ್ಟಾಪ್ ಸ್ಟಾಪಿಗೂ ಕಿವಿ ತೂತು ಬೀಳೋ ಹಾಗೆ ಕಿರುಚ್ತಾರೆ" ಅಂದಳು. ಸೀಟಿಲ್ಲದ ಮರ್ಯಾದೆಯ ಮಾತನ್ನೂ ಹೇಳಿದಳು. ತನ್ನ ಬಾಯಿಂದ ಬಂದದ್ದನ್ನು ಮಾತ್ರ ನುಂಗಿಕೊಂಡಳು.

ಫೋನಿಟ್ಟ ಮೇಲೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಅವಳೂ ಕೌಂಟರಿನ ಈಚೆ ಕೂರುವವಳೇ. ರಿಪೋರ್ಟು ತಡವಾಯಿತೆಂದು ಬೈಸಿಕೊಂಡು ಬಾತ್‌ರೂಮಿನಲ್ಲಿ ಮುಖ ತೊಳೆದು ಬಂದ ದಿನಗಳಿದ್ದವು. ಆಗೆಲ್ಲ ಬೈದವರ ಮುಖ ಮರೆತುಹೋಗಿ ಮಾತು ಮಾತ್ರ ಉಳಿಯುತ್ತಿತ್ತು. ತನ್ನ ಮಾತೂ ಹಾಗೇ ಆ ಮನುಷ್ಯನಲ್ಲಿ ಉಳಿದಿರಬಹುದೇ? ಹೀಗೆ ಯೋಚಿಸುತ್ತಾ ಒಂದು ಹೆಸರನ್ನು ತಪ್ಪಾಗಿ ಬರೆದು, ಮತ್ತೆ ಬೈಸಿಕೊಂಡಳು.

ನಾಲ್ಕಾರು ದಿನ ಕಳೆಯಿತು. ಒಂದು ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಾಗ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನನ್ನ ಮಗನಿಗೆ ಹೇಳಬೇಡ ಕಣಮ್ಮ. ಇವತ್ತು ನಾನು ಸ್ಟಾಪ್ ದಾಟಿ ಹೋಗಿದ್ದೆ."

ತೊಳೆಯುತ್ತಿದ್ದ ಲೋಟ ಅವಳ ಕೈಯಲ್ಲೇ ನಿಂತಿತು.

ಮಾವನ ಕಣ್ಣು ಎರಡು ವರ್ಷದಿಂದ ಮಂಜಾಗುತ್ತಾ ಬಂದು, ಈಗ ಬೆಳಕು, ನೆರಳು, ದೊಡ್ಡ ಆಕಾರಗಳಷ್ಟೇ ಉಳಿದಿದ್ದವು. ಬೆರಳುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಮಾರ್ಕೆಟ್ಟಿನ ಹಿಂದಿನ ಪೀಠೋಪಕರಣದ ಅಂಗಡಿಯಲ್ಲಿ ಕೂತು ಬೆತ್ತದ ಕುರ್ಚಿ ಹೆಣೆಯುತ್ತಿದ್ದರು, ಮುಟ್ಟಿ ಮುಟ್ಟಿಯೇ. ಮನೆಯಲ್ಲಿ ಕೂತಿದ್ದ ಆರು ತಿಂಗಳಲ್ಲಿ ಮಾತು ಬಿಟ್ಟು, ಊಟ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ್ದ ಮನುಷ್ಯ ಅಂಗಡಿಗೆ ಹೋಗತೊಡಗಿದ ಮೇಲೆ ಮತ್ತೆ ತಮಾಷೆ ಮಾಡುತ್ತಿದ್ದರು. ಗಂಡನಿಗೆ ಅದು ಇಷ್ಟವಿರಲಿಲ್ಲ. "ಒಂದೇ ಒಂದು ಸಲ ಎಡವಟ್ಟಾದ್ರೂ ಮುಗೀತು, ಆಮೇಲೆ ಹೊಸ್ತಿಲು ದಾಟೋ ಹಾಗಿಲ್ಲ" ಎಂದು ಷರತ್ತು ಹಾಕಿಯೇ ಒಪ್ಪಿದ್ದ. ಒಪ್ಪಿಸಿದವಳು ಇವಳು.

"ಏನಾಯ್ತು ಮಾವ?"

"ಗುಡುಗಪ್ಪ ಕೂಗಲೇ ಇಲ್ಲ."

ಗುಡುಗಪ್ಪನ ಹೆಸರು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಮಾವನೇ ಇಟ್ಟ ಹೆಸರು, ಅವರ ಬಸ್ಸಿನ ಕಂಡಕ್ಟರಿಗೆ. ಗುಡುಗಪ್ಪ ಹೀಗಂದ, ಗುಡುಗಪ್ಪ ಡ್ರೈವರಿಗೆ ಹಾಗಂದ ಎಂದು ಊಟದ ಹೊತ್ತಿಗೆ ದಿನಾ ಒಂದು ಕತೆ. ಅವಳ ಕಲ್ಪನೆಯ ಗುಡುಗಪ್ಪನಿಗೆ ಗುಡಾಣದಂಥ ಹೊಟ್ಟೆ, ದಪ್ಪ ಮೀಸೆ ಇತ್ತು.

"ಸ್ಟಾಪಿಗೆ ಐದಾರು ಬಸ್ ಬರುತ್ತೆ. ನನಗೇನು ಬೋರ್ಡು ಕಾಣುತ್ತಾ? ಅವನ ಕೂಗು ಕೇಳಿ ಹತ್ತೋದು, ಅವನ ಕೂಗು ಕೇಳಿ ಇಳಿಯೋದು. ನೀರಿನ ಟ್ಯಾಂಕು ಅಂದ್ರೆ ಎಳೀತಾನೆ, ಮಾರ್ಕೆಟ್ಟು ಅಂದ್ರೆ ಎರಡು ಸಲ ಕುಟ್ಟಿದ ಹಾಗೆ. ಈಗ ಎರಡು ದಿನದಿಂದ ಬಾಯಿಗೆ ಬಟ್ಟೆ ತುರುಕಿದ ಹಾಗಿದ್ದಾನೆ. ಪಾಪ, ಗಂಟಲು ಕೆಟ್ಟಿರಬೇಕು."

"ಅವರು... ನೋಡೋಕೆ ಹೆಂಗಿದ್ದಾರೆ ಮಾವ?"

"ನನ್ನನ್ನ ಕೇಳ್ತೀಯಲ್ಲ!" ಮಾವ ನಕ್ಕರು. "ತೋಳು ಹಿಡ್ಕೊಂಡಿದ್ದೆ ಒಂದ್ಸಲ. ಬೆತ್ತಕ್ಕಿಂತ ಸಣ್ಣ."

ಅವಳ ಕಲ್ಪನೆಯ ಗುಡಾಣದ ಹೊಟ್ಟೆ ಕರಗಿ, ಆವತ್ತಿನ ಕಡ್ಡಿ ಪೈಲ್ವಾನ ಕಣ್ಣೆದುರು ಬಂದು ನಿಂತ.

ಮರುದಿನ ಮಧ್ಯಾಹ್ನ ತಲೆನೋವೆಂದು ಹೇಳಿ ಲ್ಯಾಬಿನಿಂದ ಬೇಗ ಹೊರಟಳು. ತಲೆ ನಿಜಕ್ಕೂ ನೋಯುತ್ತಿದ್ದುದರಿಂದ ಅದು ಪೂರ್ತಿ ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಾವ ಮನೆಗೆ ಮರಳುವ ಬಸ್ಸನ್ನು ಮಾರ್ಕೆಟ್ಟಿಗಿಂತ ಎರಡು ಸ್ಟಾಪು ಹಿಂದೆಯೇ ಹತ್ತಿದಳು. ಬಾಗಿಲಲ್ಲಿ ನಿಂತಿದ್ದವನು ಅವನೇ. ಅವಳನ್ನು ಕಂಡದ್ದೇ ತಡ, ಅಟೆನ್ಷನ್ನಿನಲ್ಲಿ ನಿಂತ.

"ದಯವಿಟ್ಟು ಒಳಗೆ ಬನ್ನಿ ಮೇಡಂ. ದಯವಿಟ್ಟು ಟಿಕೆಟ್ ತಗೊಳ್ಳಿ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನೋಡಿ, ಆವತ್ತು ನಾನು..."

"ಯಾವತ್ತು ಮೇಡಂ? ನನಗೇನೂ ನೆನಪಿಲ್ಲ." ಟಿಕೆಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ನಾಯಿ ಬೊಗಳೋದು ನಿಲ್ಲಿಸಿದೆ. ಈಗ ಕಿವಿಗೆ ಆರಾಮ ತಾನೇ?"

"ಸ್ಟಾಪಿನ ಹೆಸರಾದ್ರೂ ಕೂಗಿ. ಜನರಿಗೆ ಬೇಕಾಗುತ್ತೆ."

"ಕೂಗಬಾರದು ಅಂತ ಸಾಹೇಬ್ರ ಆರ್ಡರು. ಇನ್ನೊಂದು ಕಂಪ್ಲೇಂಟ್ ಬಂದ್ರೆ ಮನೆಗೆ ಹೋಗು ಅಂದಿದ್ದಾರೆ. ಮನೇಲಿ ಕೂಗೋಕೆ ಯಾರೂ ಸಂಬಳ ಕೊಡಲ್ಲ."

ಒಬ್ಬ ಮುದುಕರಿದ್ದಾರೆ, ಕಣ್ಣು ಕಾಣುವುದಿಲ್ಲ, ನನ್ನ ಮಾವ ಎಂದು ಹೇಳಬೇಕೆಂದುಕೊಂಡಳು. ಹೇಳಿದರೆ ಸೊಸೆಯ ಮೇಲಿನ ಸಿಟ್ಟನ್ನು ಮಾವನ ಮೇಲೆ ತೀರಿಸಿಕೊಂಡರೆ? ಹೇಳದಿದ್ದರೆ? ಹೇಳುವುದೋ ಬಿಡುವುದೋ ಎಂದು ತೂಗುತ್ತಿರುವಾಗಲೇ ಬಸ್ಸು ಮಾರ್ಕೆಟ್ಟಿಗೆ ಬಂದು ನಿಂತಿತು.

ಕಿಟಕಿಯಿಂದ ಮಾವ ಕಂಡರು. ಕಂಬದ ಪಕ್ಕ, ತಲೆಯನ್ನು ಒಂದು ಬದಿಗೆ ಓರೆ ಮಾಡಿಕೊಂಡು, ಬಾಗಿಲು ಬಡಿಯುವ ಸದ್ದಿಗೆ ಕಾಯುವವರಂತೆ ನಿಂತಿದ್ದರು. ಜನ ಇಳಿದರು, ಜನ ಹತ್ತಿದರು. ಕಂಡಕ್ಟರ್ ತುಟಿ ಬಿಗಿದು ಆಚೆ ಕಡೆ ನೋಡುತ್ತಿದ್ದ. ಹಿಂದೆ ಇನ್ನೊಂದು ಬಸ್ಸು ಬಂತು, ಅದರ ಕಂಡಕ್ಟರ್ ಯಾವುದೋ ಊರಿನ ಹೆಸರು ಕೂಗಿದ. ಮಾವ ಒಂದು ಹೆಜ್ಜೆ ಅತ್ತ ಇಟ್ಟರು, ಅದಲ್ಲವೆಂದು ನಿಂತರು, ಮತ್ತೆ ಇತ್ತ ತಿರುಗಿದರು. ಫುಟ್‌ಪಾತಿನಿಂದ ಕೆಳಗಿಳಿದು ಎರಡು ಬಸ್ಸುಗಳ ನಡುವಿನ ಸಂದಿಗೆ ಕೈ ಚಾಚಿ ತಡಕಾಡುತ್ತಾ ನಡೆದರು. ಹಿಂದಿನ ಬಸ್ಸು ಗುರ್ರೆನ್ನುತ್ತಾ ಮುಂದಕ್ಕೆ ತೆವಳಿತು.

"ಮಾವಾ!"

ಅವಳ ಕೂಗು ಕಿಟಕಿ ದಾಟಿತೋ ಇಲ್ಲವೋ. ಹಾರನ್ನುಗಳ ಮಧ್ಯೆ ಅದು ಗುಬ್ಬಿಯ ಚಿಲಿಪಿಲಿ.

ಆಗ ಗುಡುಗಿತು.

"ಏಯ್ ಅಜ್ಜಾ! ನಿಲ್ಲೋ ಅಲ್ಲೇ! ಕಾಲು ಎತ್ತಿದ್ರೆ ನೋಡು! ಹೋಲ್ಡಾನ್, ಹೋಲ್ಡಾನ್!"

ಎರಡು ಬಸ್ಸೂ ನಿಂತವು. ಬೀದಿಯೂ ನಿಂತ ಹಾಗಾಯಿತು. ಮಾವ ಎತ್ತಿದ್ದ ಕಾಲನ್ನು ಎತ್ತಿದಲ್ಲೇ ಹಿಡಿದಿದ್ದರು. ಕಂಡಕ್ಟರ್ ಹಾರಿ ಇಳಿದು ಅವರ ತೋಳು ಹಿಡಿದು ತಂದು, ಮೆಟ್ಟಿಲು ಹತ್ತಿಸಿ, ಖಾಲಿಯಿದ್ದ ಸೀಟಿಗೆ ಒತ್ತಿ ಕೂರಿಸಿದ.

"ಬುದ್ಧಿ ಇದೆಯಾ ನಿನಗೆ? ಸಾಯೋಕೆ ನನ್ನ ಬಸ್ಸೇ ಬೇಕಿತ್ತಾ?"

"ಗಂಟಲು ವಾಸಿ ಆಯ್ತಾ ಗುಡುಗಪ್ಪ?" ಅಂದರು ಮಾವ.

ಅವಳು ಹೋಗಿ ಮಾವನ ಪಕ್ಕ ಕೂತು ಅವರ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಮುಂದಿನ ಸೀಟಿನಿಂದ ಕನ್ನಡಕದವರೊಬ್ಬರು ಎದ್ದರು. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆ ದನಿ.

"ಏನ್ರೀ ಇದು? ಅಷ್ಟು ವಯಸ್ಸಾದವರಿಗೆ ಹೋಗೋ ಬಾರೋ ಅಂತೀರಲ್ಲ. ನಾಚಿಕೆ ಆಗಲ್ವಾ?" ಎಂದು ಫೋನು ತೆಗೆದು ಕಿಟಕಿಯ ಮೇಲಿನ ನಂಬರನ್ನು ಒತ್ತಿದರು.

ಕಂಡಕ್ಟರ್ ಕಂಬಿಗೆ ಒರಗಿ ನಿಂತ, ಅಷ್ಟೇ.

ಅವರು ಬಸ್ಸಿನ ನಂಬರು ಹೇಳಿದರು, ನಡೆದದ್ದನ್ನು ಹೇಳಿದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. "ಬೇಕಾದ್ರೆ ಆ ಹಿರಿಯರ ಮನೆಯವರೇ ಇದ್ದಾರೆ, ಕೇಳಿ" ಎಂದು ಫೋನನ್ನು ಅವಳತ್ತ ಹಿಡಿದರು.

"ಹಲೋ," ಅತ್ತಲಿಂದ ಹುಡುಗಿಯ ದಣಿದ ದನಿ. "ಕಂಡಕ್ಟರ್ ನಿಮ್ಮವರ ಮೇಲೆ ಕೂಗಾಡಿದ್ರಾ ಮೇಡಂ?"

"ಅದು... ಮಾವ ಎರಡು ಬಸ್ಸಿನ ಮಧ್ಯ ಸಿಕ್ಕಿಕೊಂಡಿದ್ರು, ಅದಕ್ಕೆ..."

"ಕೂಗಾಡಿದ್ರಾ ಇಲ್ವಾ? ಅಷ್ಟೇ ಹೇಳಿ ಮೇಡಂ. ಇಲ್ಲಿ ಬೇರೆ ಏನೂ ಬರೆಯೋಕೆ ಜಾಗ ಇಲ್ಲ."

ಕೌಂಟರಿನಲ್ಲಿ ಕೂತು ಅವಳೂ ಎಷ್ಟು ಜನರ ಮಾತನ್ನು ಹೀಗೇ ಕತ್ತರಿಸಿದ್ದಾಳೋ. ಬಸ್ಸಿನ ಕಣ್ಣೆಲ್ಲ ಅವಳ ಮೇಲಿತ್ತು. ಹೌದೆಂದರೆ ನಿಜ, ಅವನು ಮನೆಗೆ. ಇಲ್ಲವೆಂದರೆ ಇಷ್ಟು ಜನರ ಮುಂದೆ ಹಸಿ ಸುಳ್ಳು. ಆವತ್ತು ಹೇಳಿದ್ದೂ ನಿಜವೇ ಆಗಿತ್ತಲ್ಲ ಎಂಬುದು ಆಗ ಹೊಳೆಯಿತು.

"ಇಲ್ಲ," ಅಂದಳು. "ಕೂಗಲಿಲ್ಲ."

"ಏನಮ್ಮಾ ಇದು!" ಕನ್ನಡಕದವರು ಫೋನು ಕಿತ್ತುಕೊಂಡರು. "ಇಡೀ ಬಸ್ಸು ಕೇಳಿದೆಯಲ್ಲ!"

"ನನಗಂತೂ ಏನೂ ಕೇಳಲಿಲ್ಲಪ್ಪ" ಅಂದಳು ಹಿಂದಿನ ಸೀಟಿನ ಹೂವಿನ ಬುಟ್ಟಿಯವಳು. "ಇಲ್ಲಿ ನನ್ನ ಮಾತೇ ನನಗೆ ಕೇಳಲ್ಲ." ಯಾರೋ ಕಿಸಕ್ಕೆಂದರು. ಕನ್ನಡಕದವರು ಎಲ್ಲರನ್ನೂ ಒಮ್ಮೆ ನೋಡಿ, "ನಿಮಗೆಲ್ಲ ಇಂಥವರೇ ಸರಿ" ಎಂದು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು. ಅವರು ಮಾಡಿದ್ದು ಒಳ್ಳೆಯದಕ್ಕೇ. ಅವರ ಬೆನ್ನು ನೋಡುತ್ತಾ ಅವಳಿಗೆ ಅಳು ಬಂದಂತಾಯಿತು.

ಕಂಡಕ್ಟರ್ ಥ್ಯಾಂಕ್ಸ್ ಅನ್ನಲಿಲ್ಲ. ಅವಳತ್ತ ನೋಡಲೂ ಇಲ್ಲ. ಉಳಿದ ದಾರಿಯಲ್ಲಿ ಯಾವ ಸ್ಟಾಪನ್ನೂ ಕೂಗಲಿಲ್ಲ.

ಇಳಿದು ಮನೆಯ ಕಡೆ ನಡೆಯುವಾಗ ಮಾವ ಕೇಳಿದರು, "ಮೊದಲಿನ ಕಂಪ್ಲೇಂಟು ನಿಂದಾ?"

"ಹೂಂ ಮಾವ. ನಿಮಗೆ ಹೆಂಗೆ..."

"ಅವನ ಗಂಟಲು ಕೆಟ್ಟಿರಲಿಲ್ಲ, ಯಾರೋ ಬಾಯಿ ಮುಚ್ಚಿಸಿದ್ರು. ಈ ಬಸ್ ಹತ್ತದವಳು ಇವತ್ತು ಹತ್ತಿದ್ದೀಯ. ಏನಂದ ನಿನಗೆ?"

"ಮರ್ಯಾದೆಗೆ ಸೀಟಿಲ್ಲ ಅಂದ."

ಮಾವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ, "ನೀನೇನಂದೆ?" ಎಂದರು. ಅವಳು ಗೇಟಿನ ಚಿಲಕ ತೆಗೆದಳು.

ಗಂಡ ಬಂದು ಚಪ್ಪಲಿ ಬಿಡುವ ಮೊದಲೇ ಮಾವ ಹೇಳಿಬಿಟ್ಟರು. "ಇವತ್ತು ಎರಡು ಬಸ್ಸಿನ ನಡುವೆ ಹೋಗ್ಬಿಟ್ಟಿದ್ದೆ ಕಣೋ. ನಾಳೆಯೂ ಹೋಗ್ತೀನಿ. ನಿನಗೆ ಗೊತ್ತಿರಲಿ ಅಂತ."

ಗಂಡ ಅಪ್ಪನ ಮುಖ ನೋಡಿದ, ಅವಳ ಮುಖ ನೋಡಿದ. "ನಾನು ಮೊದಲೇ ಹೇಳಿರಲಿಲ್ವಾ?" ಎಂದು ಒಳಗೆ ಹೋದ. ಊಟಕ್ಕೆ ಕೂತಾಗಲೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಬೆಳಿಗ್ಗೆ ಅವಳು ತನ್ನ ಬಸ್ಸನ್ನು ಬಿಟ್ಟು ಅವನ ಬಸ್ಸಿಗೆ ಕಾದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ತಿರುವಿ ಹಾಕಿದ್ದಳು. ಬಸ್ಸು ಬಂದಾಗ ಅದರಲ್ಲಿ ಅರ್ಧ ಮರೆತುಹೋಯಿತು. ಬಾಗಿಲಲ್ಲೇ ನಿಂತು, ಹಿಂದೆ ಹತ್ತುವವರು ತಳ್ಳುತ್ತಿರುವಾಗಲೇ, "ಆವತ್ತು ನಾನು ಆ ಮಾತು ಆಡಬಾರದಿತ್ತು. ತಪ್ಪಾಯ್ತು" ಅಂದಳು. ಬೇಕಾದದ್ದಕ್ಕಿಂತ ಜೋರಾಗಿಯೇ ಬಂತು. ಸುತ್ತಲಿದ್ದವರು ತಿರುಗಿ ನೋಡಿದರು.

ಅವನು ಟಿಕೆಟ್ ಹರಿಯುತ್ತಿದ್ದ. ತಲೆ ಎತ್ತದೆ ಕೇಳಿದ, "ಅಜ್ಜ ಇವತ್ತು ಬರ್ತಾರಾ?"

ಗಂಡನ ಮುಚ್ಚಿದ ಬಾಯಿ ನೆನಪಾಯಿತು. ಇವನು ಕೂಗುತ್ತಾನೋ ಇಲ್ಲವೋ, ಅದೂ ಗೊತ್ತಿಲ್ಲ. ಕೂಗದಿದ್ದರೆ ಏನಾಗುತ್ತದೆಂದು ನಿನ್ನೆ ಕಣ್ಣಾರೆ ನೋಡಿದ್ದಳು.

"ಬರ್ತಾರೆ," ಅಂದಳು. ಹಿಂದಿನವರಿಗೆ ಜಾಗ ಬಿಟ್ಟು ಒಳಗೆ ಸರಿದಳು.