ಸುಮ್ಮನೆ ನೋಡುತ್ತಿದ್ದೆ

"ಬಂತು ನೋಡೇ ನಿನ್ನ ಆಮೆ!" ಎನ್ನುತ್ತ ಪಕ್ಕದ ಮೇಜಿನ ಗುಂಡ ಕುರ್ಚಿಯಲ್ಲಿ ಕೂತಂತೆಯೇ ಜಾರಿಕೊಂಡು ಬಂದ.

ಅವಳ ಪರದೆಯ ಮೇಲೆ ಕಿವಿ ಮಷೀನು ಮಾರುವ ಅಂಗಡಿಯ ಪುಟ ತೆರೆದಿತ್ತು. ಅಂಗಡಿ ಇವರದಲ್ಲ. ಬೂಟು, ಹಾಸಿಗೆ, ಕನ್ನಡಕ ಎಂದು ಯಾರುಯಾರದೋ ವೆಬ್‌ಸೈಟುಗಳನ್ನು ಕಾಯುವುದು ಈ ಆಫೀಸಿನ ಕೆಲಸ. ಯಾರೋ ಬಂದರು, ಯಾವ ಪುಟದಲ್ಲಿ ನಿಂತರು, ಏನು ಬರೆಯುತ್ತಿದ್ದಾರೆ, ಬರೆದು ಏನು ಅಳಿಸಿದರು, ಎಲ್ಲವೂ ಆಗಿಂದಾಗಲೇ ಇಲ್ಲಿ ಕಾಣುತ್ತದೆ. ಬಂದವರಿಗೆ ಮಾತ್ರ ಇದರ ಸುಳಿವೇ ಇರುವುದಿಲ್ಲ. ಗಿರಾಕಿ ಜಾಗ ಖಾಲಿ ಮಾಡುವ ಹಾಗೆ ಕಂಡರೆ ಪುಟದ ಮೂಲೆಯ ಚಾಟ್ ಡಬ್ಬಿಯಲ್ಲಿ, ನಗುವ ಹೆಂಗಸೊಬ್ಬಳ ಚಿತ್ರದ ಮರೆಯಿಂದ ಇಣುಕಿ "ನಮಸ್ಕಾರ, ಸಹಾಯ ಬೇಕೇ?" ಎಂದು ಕೇಳಬೇಕು. ಹೆಸರು ತಿಳಿಯದ್ದರಿಂದ ಇವರೇ ಒಂದೊಂದು ಹೆಸರಿಡುತ್ತಿದ್ದರು. ಬೆಲೆ ನೋಡಿದ್ದೇ ಓಡಿಹೋಗುವವರು ಜಿಂಕೆಗಳು. ಈ ವಾರವೆಲ್ಲ ಬಂದು ಒಂದೊಂದು ಸಾಲಿಗೂ ಯುಗ ಕಳೆಯುತ್ತಿದ್ದ ಈ ಗಿರಾಕಿಗೆ ಆಮೆ ಎಂದು ಹೆಸರಿಟ್ಟವಳು ಅವಳೇ.

"ಅಕ್ಷರ ದೊಡ್ಡದು ಮಾಡ್ತಿದೆ. ಇನ್ನು ಬೆಲೆ ನೋಡಿ ಎದೆ ಹಿಡ್ಕೊಳ್ಳುತ್ತೆ ನೋಡು," ಎಂದಳು.

ಇವತ್ತು ಆಮೆ ಬೆಲೆಯ ಕಡೆ ಹೋಗಲಿಲ್ಲ. 'ನಿಮ್ಮ ತೊಂದರೆ ತಿಳಿಸಿ' ಎಂಬ ಜಾಗಕ್ಕೆ ಬಂದು ಒಂದೊಂದೇ ಅಕ್ಷರ ಒತ್ತತೊಡಗಿತು. ಗುಂಡ ಮುದುಕರ ದನಿ ತೆಗೆದು ಗಟ್ಟಿಯಾಗಿ ಓದಿದ. ಹಿಂದಿನ ಸಾಲಿನವರೂ ಎದ್ದು ಬಂದರು.

"ನಾನು ಅಚ್ಚಿನ ಮಷೀನು ನಡೆಸುತ್ತಿದ್ದವನು. ಆ ಸದ್ದಿಗೆ ಕಿವಿ ಮಂದ ಆಗಿದೆ. ಮನೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ ಎಂದೇ ಹೇಳಿದ್ದೇನೆ. ಮಗಳು ಒಳ್ಳೆಯವಳು. ದುಡಿದು ಸುಸ್ತಾಗಿರುತ್ತಾಳೆ. ಇವತ್ತು ನಾಲ್ಕು ಜನರ ಎದುರು, ಕಿವಿ ಎಲ್ಲಿ ಅಡ ಇಟ್ಟಿದ್ದೀಯಪ್ಪ ಅಂದಳು."

"ಅಬ್ಬಬ್ಬಾ, ಮಗಳು ಭಾರಿ ಇದ್ದಾಳೆ ಕಣೇ!" ಎಂದು ಗುಂಡ ಮೇಜು ಬಡಿದ. ಎಲ್ಲರೂ ಗೊಳ್ಳೆಂದರು. ಅವಳೂ ನಕ್ಕಳು. ನಗು ಬಾಯಿಂದ ಹೊರಟುಹೋದ ಮೇಲೆ ಅವಳಿಗೆ ಅರ್ಥವಾಯಿತು.

ಬೆಳಿಗ್ಗೆ ನಲ್ಲಿ ರಿಪೇರಿಯವನು ಬಂದು ಬೆಲ್ಲು ಒತ್ತಿದ್ದೇ ಒತ್ತಿದ್ದು. ಅವಳು ಬಚ್ಚಲಿನಿಂದ "ಬಾಗಿಲು ತೆಗಿಯಪ್ಪಾ" ಎಂದು ಕೂಗಿ ಕೂಗಿ, ಕೊನೆಗೆ ಒದ್ದೆ ತಲೆಯಲ್ಲೇ ಓಡಿ ಬಂದರೆ, ಅಪ್ಪ ಬಾಗಿಲ ಪಕ್ಕದಲ್ಲೇ ಪೇಪರು ಹಿಡಿದು ಕೂತಿದ್ದ. ಬಾಗಿಲು ತೆರೆದವಳೇ ಅದೇ ಮಾತು ಅಂದು ರೇಗಿದ್ದಳು. ಎದುರು ಮನೆಯ ಗಂಡ ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. "ಕೇಳಿಸ್ತು, ಕೇಳಿಸ್ತು, ಏಳ್ತಿದ್ದೆ," ಎಂದು ಅಪ್ಪ ಪೇಪರು ಮಡಿಸಿದ್ದ. ನಲ್ಲಿಯವನು ಮುಸಿಮುಸಿ ನಕ್ಕಿದ್ದ.

ಪರದೆಯ ಮೇಲೆ ಅಕ್ಷರಗಳು ಕೊನೆಯಿಂದ ಒಂದೊಂದಾಗಿ ಅಳಿಸಿಹೋಗುತ್ತಿದ್ದವು. 'ಮಗಳು ಒಳ್ಳೆಯವಳು' ಎಂಬಲ್ಲಿಗೆ ಬಂದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದೂ ಹೋಯಿತು.

"ಏ, ಓಡಿಹೋಗುತ್ತೆ! ಇಣುಕೇ, ಇಣುಕು!" ಗುಂಡ ಅವಳ ಭುಜ ಅಲ್ಲಾಡಿಸಿದ.

ಏನು ಬರೆಯುವುದು? ಅಪ್ಪ, ನಾನು ಕಣಪ್ಪ, ಎಂದೇ? ಸುತ್ತ ಇಷ್ಟು ಜನ. ಬೆರಳು ರೂಢಿಯಂತೆ 'ನಮಸ್ಕಾರ, ಸಹಾಯ ಬೇಕೇ?' ಎಂದು ಕಳಿಸಿತು.

ಬಹಳ ಹೊತ್ತಿನ ಮೇಲೆ ಉತ್ತರ ಬಂತು. 'ಕ್ಷಮಿಸಿ ಮೇಡಂ. ಸುಮ್ಮನೆ ನೋಡುತ್ತಿದ್ದೆ. ತಮಗೆ ತೊಂದರೆ ಕೊಟ್ಟೆ.'

ಪುಟ ಮುಚ್ಚಿತು.

"ಹೋಯ್ತಲ್ಲೇ ಆಮೆ!"

"ಆಮೆ ಅನ್ನಬೇಡ ಕಣೋ."

"ಇದೊಳ್ಳೆ ಕಥೆಯಾಯ್ತು, ಹೆಸರು ಇಟ್ಟಿದ್ದು ನೀನೇ ತಾನೆ?"

ಹೌದು, ಅವಳೇ. ನಮ್ಮಪ್ಪ ಕಣೋ ಅದು ಎನ್ನುವ ಮಾತು ಗಂಟಲವರೆಗೆ ಬಂತು. ಆಡಿದ್ದರೆ ಅರ್ಧ ನಾಚಿಕೆಯಾದರೂ ಇಳಿಯುತ್ತಿತ್ತೇನೋ. ಅದನ್ನು ಹೇಳಿಕೊಳ್ಳುವುದಕ್ಕೂ ನಾಚಿಕೆಯಾಯಿತಲ್ಲ, ಥೂ ಇವಳ ಜನ್ಮಕ್ಕೆ! ಮುಖ ತೊಳೆದು ಬರುತ್ತೇನೆಂದು ಎದ್ದುಹೋದಳು. ಹಿಂದೆ ಗುಂಡ ಇನ್ಯಾರಿಗೋ ಆ ಕಿವಿಯ ಮಾತನ್ನು ಮತ್ತೆ ಹೇಳಿ ನಗಿಸುತ್ತಿದ್ದ.

ಸಂಜೆ ಮನೆಗೆ ಬಂದಾಗ ಅಪ್ಪ ಅದೇ ಕುರ್ಚಿಯಲ್ಲಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಮೊಬೈಲನ್ನು ಮಗುಚಿ ಪೇಪರಿನಡಿ ಸರಿಸಿದ. ಅವಳು ಅವನ ಕಾಲ ಬಳಿ ಸ್ಟೂಲು ಎಳೆದುಕೊಂಡು ಕೂತಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದ ಮಾತು. ಕೂಗಿ ಹೇಳುವಂಥದ್ದಲ್ಲ.

"ಬೆಳಿಗ್ಗೆ ಹಾಗಂದಿದ್ದು ತಪ್ಪಾಯ್ತಪ್ಪ," ಎಂದು ಮೆಲ್ಲಗೆ ಹೇಳಿದಳು.

ಅಪ್ಪ ಅವಳ ತುಟಿಯನ್ನೇ ನೋಡಿದ. ಗಾಬರಿಯಿಂದ ಪೇಪರು ಪಕ್ಕಕ್ಕಿಟ್ಟ.

"ಕೇಳಿಸ್ತು, ಕೇಳಿಸ್ತು," ಎನ್ನುತ್ತ ಮಂಡಿ ಹಿಡಿದು ಎದ್ದ. ಅವಸರವಾಗಿ ಹೋಗಿ ಚಿಲಕ ಸರಿಸಿ ಬಾಗಿಲು ತೆರೆದ.

ಹೊರಗೆ ಯಾರೂ ಇರಲಿಲ್ಲ. ಅಪ್ಪ ಅತ್ತಿತ್ತ ನೋಡಿ, ಬಾಗಿಲನ್ನು ಪೂರ್ತಿ ತೆರೆದು ಹಿಡಿದುಕೊಂಡೇ, ಮಗಳ ಕಡೆ ತಿರುಗಿ ನಿಂತ.