ಕ್ಯಾಮೆರಾದ ಹಿಂಬದಿ ನೋಡಿದ್ದು

ಡಿಜಿಟಲ್ ಕ್ಯಾಮೆರಾದಲ್ಲಿ ಕಲಿಯುವವರು ಪುಣ್ಯವಂತರು. ಫೋಟೋ ಹೊಡೆದ ಕೂಡಲೇ ಹಿಂದಿನ ಪರದೆಯಲ್ಲಿ ನೋಡುತ್ತಾರೆ, ಮನಸ್ಸಿಗೆ ಬಾರದಿದ್ದರೆ ಅಳಿಸುತ್ತಾರೆ. ಇಳಕಲ್‌ನಲ್ಲಿ ನನ್ನದೇ ಸಣ್ಣ ಸ್ಟುಡಿಯೋ ಇದೆ, ನಾನೂ ಈಗ ಹಾಗೇ ಮಾಡುತ್ತೇನೆ. ಆದರೆ ನಾನು ಕಲಿತದ್ದು ರೀಲಿನ ಕಾಲದಲ್ಲಿ. ಆಗ ಕ್ಯಾಮೆರಾದ ಹಿಂಬದಿ ತೆರೆಯಬಾರದು ಎಂಬ ಸಂಗತಿ ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಹೇಗೆ ಗೊತ್ತಾಗಬೇಕು?

ನಮ್ಮ ಮನೆಯಲ್ಲಿ ಗೇಣುದ್ದ ನೇಯ್ದರೆ ಸಾಕು, ಬಗ್ಗಿ ಬಟ್ಟೆಯ ಹಿಂಬದಿ ನೋಡಲೇಬೇಕು. "ಮುಂದಿನ ಮಾರಿ ಎಲ್ಲಾರಿಗೂ ಚಂದನ ಕಾಣತೈತಿ. ಹಿಂದ ನೋಡು ಸುನಿತಾ," ಎಂದು ಅಪ್ಪ ದಿನಾ ಅನ್ನುತ್ತಿದ್ದ. ಎಳೆ ತಪ್ಪಿದ್ದು ಮೊದಲು ಅಲ್ಲೇ ಗೊತ್ತಾಗುತ್ತದೆ.

ಅಪ್ಪನ ಸೀರೆಗಳ ಫೋಟೋ ತೆಗೆಯುವ ಹುಚ್ಚು ಹತ್ತಿ ನಾನು ಜಲಾಲುದ್ದೀನ ಚಾಚಾ ಅವರ ಸ್ಟುಡಿಯೋಕ್ಕೆ ಹೋಗತೊಡಗಿದೆ. ಊರಿನ ಅರ್ಧಕ್ಕರ್ಧ ಮದುವೆಯ ಫೋಟೋ ಅವರವೇ. ತಮ್ಮ ಹಳೆಯ ಕ್ಯಾಮೆರಾ ನನ್ನ ಕೈಗಿತ್ತು, ಕಪ್ಪು ಬಿಳುಪಿನ ರೀಲು ಹಾಕುವುದನ್ನು ಕಲಿಸಿದರು. ಬಿಸಿಲಿದ್ದರೆ ಲೆನ್ಸಿನ ಕಿಂಡಿ ಸಣ್ಣದಿರಲಿ, ನೆರಳಿದ್ದರೆ ದೊಡ್ಡದು. ಕೈ ನಡುಗಿದರೆ ಗೋಡೆಗೆ ಆನಿಕೊ. "ರೀಲಿನ ತುದಿ ಒಳಗಿನ ಗಾಲಿ ಹಲ್ಲಿಗೆ ಸರಿ ಸಿಗಲಿಲ್ಲಂದ್ರ ಅದು ಸುತ್ತೂದಿಲ್ಲ ನೋಡು. ನೀ ಹೊಡಕೋತ ಇರ್ತಿ, ಒಂದೂ ಬರೂದಿಲ್ಲ," ಎಂದು ಹೆದರಿಸಿದ್ದೂ ಆಯಿತು. ನಡುವೆ ಮುಚ್ಚಳ ತೆಗೆಯಬೇಡ ಎಂದು ಮಾತ್ರ ಹೇಳಲಿಲ್ಲ. ಅಷ್ಟು ಬುದ್ಧಿ ಎಲ್ಲರಿಗೂ ಇರುತ್ತದೆ ಎಂದುಕೊಂಡಿರಬೇಕು, ಪಾಪ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಖಾಲಿಯಾಗುತ್ತಿದ್ದ ಕಾಲ. ಅಪ್ಪನ ಅಕ್ಕ ಬಾಳವ್ವ ಅತ್ತೆಯ ಮನೆಯ ಪಾಳಿಯೂ ಬಂತು. "ಮನಿ ಬಿಚ್ಚೂದರಾಗ ಬಾರವ್ವಾ. ಬಾಗಲದಾಗ ನಿಂತು ನಂದೊಂದು ಫೋಟೋ ಆಗಬೇಕು. ಈ ಮನಿದು ಒಂದೂ ಫೋಟೋ ಇಲ್ಲ ನನ್ನ ಕಡೆ," ಎಂದು ಹೇಳಿಕಳಿಸಿದಳು. ಮದುವೆಯಾಗಿ ಬಂದು, ಮಕ್ಕಳನ್ನು ಹೆತ್ತು ಬೆಳೆಸಿದ ಮನೆ ಅದು. ಚಾಚಾ ಮರುಮಾತಿಲ್ಲದೆ ಕ್ಯಾಮೆರಾ ಕೊಟ್ಟು ಕಳಿಸಿದರು.

ನಾನು ಹೋದಾಗ ಅತ್ತೆ ಸೆರಗು ಸಿಕ್ಕಿಸಿಕೊಂಡು, ಕುಕ್ಕರಗಾಲಲ್ಲಿ ಕುಳಿತು ಹೊಸ್ತಿಲ ಮುಂದೆ ಸೆಗಣಿ ಸಾರಿಸುತ್ತಿದ್ದಳು. ಮರುದಿನ ಬಾಗಿಲು, ಚೌಕಟ್ಟು ಕಿತ್ತುಕೊಂಡು, ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಹೋಗುವವಳು! ಕೈ ಪಳಗಲಿ ಎಂದು ಒಂದು ಫೋಟೋ ಹೊಡೆದೆ.

"ಥೂ, ಈ ಅವತಾರದಾಗ ಯಾಕ ತಗೀತಿ? ರೀಲು ಹಾಳ ಮಾಡಬ್ಯಾಡ," ಎಂದು ಬೈದು ಒಳಗೆ ಹೋದಳು. ತಲೆ ಬಾಚಿ, ಅಪ್ಪ ನೇಯ್ದ ಸೀರೆ ಉಟ್ಟು, ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಳು. ನಾನು ಒಂದಾದ ಮೇಲೊಂದು ತೆಗೆದೆ.

ಆಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ರೀಲು ಸುತ್ತಿಕೊಳ್ಳುತ್ತಿದೆಯೋ ಇಲ್ಲವೋ? ಅಂಗಳಕ್ಕೆ ಬಂದು ಕ್ಯಾಮೆರಾದ ಹಿಂದಿನ ಮುಚ್ಚಳ ತೆರೆದು ನೋಡಿದೆ. ಚೆನ್ನಾಗಿ ಸುತ್ತಿಕೊಂಡಿತ್ತು. ನೆಮ್ಮದಿಯಿಂದ ಮುಚ್ಚಿ, "ಎಲ್ಲಾ ಬರೋಬ್ಬರಿ ಐತಿ ಅತ್ತಿ," ಎಂದು ಭರವಸೆ ಬೇರೆ ಕೊಟ್ಟೆ.

ಮರುದಿನ ಇಳಕಲ್‌ಗೆ ಬಂದು ಚಾಚಾ ಅವರ ಮುಂದೆ ಅದನ್ನೇ ಹೆಮ್ಮೆಯಿಂದ ಹೇಳಿದೆ. ಅವರು ಮಾಡುತ್ತಿದ್ದ ಕೆಲಸ ಬಿಟ್ಟು ನನ್ನತ್ತ ತಿರುಗಿದರು.

"ತೆರದು ನೋಡಿದಿ?"

"ಹೂನ್ರಿ ಚಾಚಾ. ಬಿಸಿಲಾಗ ನಿಂತು ನೋಡಿದೆ, ಸ್ವಚ್ಛ ಕಾಣ್ಲೆಂತ."

ಬೆಳಕು ಬಿದ್ದರೆ ರೀಲು ಕೆಡುತ್ತದೆ ಎಂದು ಅವರು ಮೆಲ್ಲಗೆ ತಿಳಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮತ್ತೆ ಹೋಗಿ ತೆಗೆಯೋಣವೆಂದರೆ ಅಷ್ಟರಲ್ಲಿ ಅತ್ತೆಯ ಬಾಗಿಲು ಟ್ರ್ಯಾಕ್ಟರ್ ಏರಿತ್ತು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

"ಅಳಬ್ಯಾಡ. ನೇಕಾರರ ಮಗಳದಿ, ವಿಚಾರ ಮಾಡು. ಮದ್ಲ ನೇಯ್ದ ಬಟ್ಟಿ ಸುತ್ತಿನಾಗ ಎಲ್ಲಿರತೈತಿ?"

"ಎಲ್ಲಾಕಿಂತ ಒಳಗ್ರಿ."

"ಇದೂ ಹಂಗ. ಮ್ಯಾಲಿನ ಸುತ್ತು ಹೋಗಿರತೈತಿ, ಒಳಗಿಂದು ಉಳದಿದ್ರ ಉಳದೀತು. ಬಾ, ತೊಳದು ನೋಡೂಣು."

ಬೇರೆಯವರಾಗಿದ್ದರೆ ಕ್ಯಾಮೆರಾ ಕಸಿದುಕೊಂಡು ಮನೆಗೆ ಅಟ್ಟುತ್ತಿದ್ದರು. ಚಾಚಾ ಬೈಯಲಿಲ್ಲ. ಕತ್ತಲೆ ಕೋಣೆಗೆ ಕರೆದೊಯ್ದು, ರೀಲು ತೊಳೆಯುವ ಕೆಲಸವನ್ನೂ ಅವತ್ತೇ ಕಲಿಸಿದರು. ಅಂದು ಒಂದು ಮಾತು ಗದರಿದ್ದರೆ ನಾನು ಮತ್ತೆ ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ನಾನು ಇವತ್ತು ತಿನ್ನುವ ರೊಟ್ಟಿಯಲ್ಲಿ ಅವರ ಋಣವಿದೆ.

ತೊಳೆದ ರೀಲನ್ನು ಬೆಳಕಿಗೆ ಹಿಡಿದು ನೋಡಿದೆವು. ಅತ್ತೆ ಬಾಗಿಲಲ್ಲಿ ನಿಂತದ್ದೆಲ್ಲ ಮಸಿ ಬಳಿದಂತೆ ಕಪ್ಪಾಗಿತ್ತು. ಉಳಿದದ್ದು ಒಂದೇ, ಸೆಗಣಿ ಸಾರಿಸುತ್ತಿದ್ದ ಅತ್ತೆ. ಚಾಚಾ ಅದನ್ನೇ ದೊಡ್ಡದು ಮಾಡಿ ಕೊಟ್ಟರು.

ನವನಗರದ ಹೊಸ ಮನೆಗೆ ನಾನೇ ಅದನ್ನು ಒಯ್ದೆ. ನಡೆದದ್ದನ್ನೆಲ್ಲ ಹೇಳಿ, "ನೀ ಬ್ಯಾಡಂದಿದ್ದ ಫೋಟೋ ಒಂದ ಬಂದೈತಿ ಅತ್ತಿ," ಎಂದೆ. ಅತ್ತೆ ಅದನ್ನು ಹಿಡಿದು ಕಿಟಕಿಯ ಕಡೆ ತಿರುಗಿದಳು. ತೆರೆದ ಬಾಗಿಲನ್ನು, ಹೊಸ್ತಿಲನ್ನು, ತನ್ನ ಒದ್ದೆ ಕೈಯನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿ ಬಂದವು.

"ಚಲೋ ಆತು ಬಿಡು," ಎಂದಳು. "ಸೀರಿ ಉಟಗೊಂಡು ಯಾರ ಮನಿ ಮುಂದರ ನಿಂದರಬಹುದವ್ವಾ. ಸಾರಸೂದು ತನ್ನ ಮನಿ ಮುಂದ ಅಷ್ಟ."